ಮೂರು ಒಂಬತ್ತು

ತೊಂಬತ್ತೊಂಬತ್ತು ದಶಾಂಶ ಒಂಬತ್ತು.
ಗಾಜಿನ ಚೌಕಟ್ಟಿನಲ್ಲಿ ಕೂತಿದೆ ಅಂಕಿ,
ಫಾಹಹೀಲಿನ ಈ ಹಣ ಕಳಿಸುವ ಅಂಗಡಿಯ ಮಹಡಿಯಲ್ಲಿ,
ಮ್ಯಾನೇಜರ್ ಕುರುವಿಳರ ತಲೆಯ ಮೇಲೆ, ತುಸು ವಾಲಿ.
ವರ್ಷಕ್ಕೆ ಎಂಟು ಮುಕ್ಕಾಲು ಗಂಟೆ ಮಾತ್ರ
ನಮ್ಮ ಯಂತ್ರ ನಿಲ್ಲಬಹುದು ಎಂದು ಅದರ ಅರ್ಥ.
ಯಾವ ಎಂಟು ಮುಕ್ಕಾಲು ಎಂದು
ಚೌಕಟ್ಟಿನಲ್ಲಿ ಬರೆದಿಲ್ಲ.

ನಾನು ಅದರ ಕಾವಲಿನವ. ಹನ್ನೊಂದು ವರ್ಷ.
ಹೊರಗೆ ನಲವತ್ತೆಂಟು ಡಿಗ್ರಿ, ಒಳಗೆ ಹತ್ತೊಂಬತ್ತು;
ಜುಲೈಯಲ್ಲೂ ನನ್ನ ಕುರ್ಚಿಗೆ ಸ್ವೆಟರ್.
ಕೇಳಿದವರಿಗೆಲ್ಲ ಹೇಳುತ್ತಿದ್ದೆ:
ಒಂದು ಬಿದ್ದರೆ ಇನ್ನೊಂದು ಇದೆ ಸ್ವಾಮಿ,
ಎರಡು ಸರ್ವರ್, ಎರಡು ತಂತಿ, ಎರಡು ಎ.ಸಿ.
ಎರಡೂ ತಂತಿ ಮೀನು ಮಾರುಕಟ್ಟೆಯ ಹತ್ತಿರ
ಒಂದೇ ಕೊಳವೆಯೊಳಗೆ ಒಟ್ಟಿಗೆ ಮಲಗಿದ್ದವು ಎಂಬುದನ್ನು
ರಸ್ತೆ ಅಗೆಯಲು ಬಂದವನೊಬ್ಬ ಆಮೇಲೆ ತೋರಿಸಿಕೊಟ್ಟ.
ಅದು ಬೇರೆ ಕತೆ.

ಈ ಕತೆ ಸಂಬಳದ ಮರುದಿನದ ಶುಕ್ರವಾರದ್ದು.
ಗುರುವಾರ ರಾತ್ರಿ ಹೊಸ ತಿದ್ದುಪಡಿ ಬಂದಿತ್ತು.
ಮೊದಲನೆಯದಕ್ಕೆ ಹಾಕು, ವಾರ ನೋಡು, ಆಮೇಲೆ ಎರಡನೆಯದಕ್ಕೆ:
ನಾನೇ ಬರೆದ ನಿಯಮ.
ಊಟದ ಹೊತ್ತು ಮೀರಿತ್ತು.
ಕೆಳಗೆ ಸಾಂಕ್ತಿಸ್ ಕಾರು ನಿಲ್ಲಿಸಿಕೊಂಡು ಕರೆಯುತ್ತಿದ್ದ.
ಎರಡಕ್ಕೂ ಹಾಕಿಬಿಟ್ಟೆ.

ಶುಕ್ರವಾರ, ನಮಾಜು ಮುಗಿದು, ಷಟರ್ ಮೇಲೆದ್ದು ಇಪ್ಪತ್ತು ನಿಮಿಷ.
ಎರಡಕ್ಕೆ ಹತ್ತು ಇರುವಾಗ ಮೊದಲನೆಯದು ಮೂಕಾಯಿತು.
ಎರಡನೆಯದು ಭಾರ ಹೊತ್ತಿತು, ಕೈಪಿಡಿಯಲ್ಲಿದ್ದಂತೆ,
ನಾಲ್ಕೇ ಸೆಕೆಂಡಿನಲ್ಲಿ;
ಹೊತ್ತು, ಅದೇ ಹೆಜ್ಜೆಗೆ, ಅದೇ ಕಲ್ಲಿಗೆ ಎಡವಿತು.
ಅವಳಿ ಮಕ್ಕಳಲ್ಲಿ ಒಂದಕ್ಕೆ ಬಂದ ಜ್ವರ
ಇನ್ನೊಂದರ ಹಾಸಿಗೆಯಲ್ಲೇ ಇರುತ್ತದೆ.

ಪರದೆಯ ಮೇಲೆ ಮಾತ್ರ ಎಲ್ಲ ಹಸಿರು.
ಐದೈದು ಸೆಕೆಂಡಿಗೆ ಅದು ಕೇಳುತ್ತದೆ: ಇದ್ದೀಯಾ?
ಇದ್ದೀನಿ, ಎನ್ನುತ್ತದೆ ಸರ್ವರ್.
ಸುಳ್ಳಲ್ಲ. ಇತ್ತು.
ಮದುವೆಮನೆಯಲ್ಲಿ ಕುರ್ಚಿ ತುಂಬಿದ ಭಾವನ ಹಾಗೆ ಇತ್ತು,
ಕರೆದರೆ ಓ ಎನ್ನುತ್ತಾನೆ, ಸೌಟು ಮುಟ್ಟುವುದಿಲ್ಲ.
ಆಪತ್ತಿಗಾದವನೇ ನೆಂಟ ಅನ್ನುತ್ತಿದ್ದಳು ಅಜ್ಜಿ;
ಇದ್ದವನು ಅಂದಿರಲಿಲ್ಲ.

ಕೆಳಗಿಳಿದೆ.
ಸಾಲು ಬಾಗಿಲು ದಾಟಿ, ಜ್ಯೂಸಿನ ಅಂಗಡಿ ದಾಟಿ
ಬಿಸಿಲಿಗೆ ಚೆಲ್ಲಿತ್ತು.
ಟೋಕನ್ ನೂರ ಎಂಬತ್ತೆರಡು ಹಿಡಿದವಳು ಬೆಲೈನೆಶ್,
ಮಂಗಾಫಿನ ಯಾವುದೋ ಮನೆಯಲ್ಲಿ ಅಡುಗೆ, ಮೂರು ಮಕ್ಕಳ ಆರೈಕೆ.
ತಿಂಗಳಿಗೊಂದು ಶುಕ್ರವಾರ, ಎರಡರಿಂದ ನಾಲ್ಕು, ಬಿಡುವು.
ಅರೆಬರೆ ಅರಬ್ಬಿಯಲ್ಲಿ ಕೇಳಿದಳು: ಯಾವಾಗ?
ಹತ್ತು ನಿಮಿಷ, ಅಂದೆ.
ನಮ್ಮ ಕಸುಬಿನ ಅತಿ ಹಳೆಯ ಸುಳ್ಳು ಅದು,
ಒಂದು ದಿನವೂ ಕೆಟ್ಟು ನಿಂತದ್ದಿಲ್ಲ.

ಮತ್ತೆ ಹತ್ತಿ ಬ್ಯಾಕಪ್ ತೆರೆದೆ.
ಪ್ರತಿ ರಾತ್ರಿ ತಪ್ಪದೆ ತುಂಬಿಟ್ಟ ಡಬ್ಬಿ,
ಒಮ್ಮೆಯೂ ಮುಚ್ಚಳ ತೆಗೆಯದ ಡಬ್ಬಿ.
ಮಾರ್ಚಿನಿಂದೀಚೆಗೆ ಒಳಗೆ ಬರೀ ಹೆಸರುಗಳು.
ಮೊತ್ತಗಳಿಲ್ಲ.

ನಾಲ್ಕಕ್ಕೆ ಐದು ನಿಮಿಷ.
ಹೊರಗೆ ಅವಳ ಮನೆಯವರ ಡ್ರೈವರ್ ಒಮ್ಮೆ ಹಾರ್ನ್ ಒತ್ತಿದ.
ಒಂದೇ ಸಲ.
ಟೋಕನ್ ಮಡಚಿ, ದಿನಾರುಗಳ ಜೊತೆ
ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಹೋದಳು.
ನಾಲ್ಕೂ ಹತ್ತಕ್ಕೆ ಯಂತ್ರ ಎದ್ದಿತು.

ತಿಂಗಳ ವರದಿಗೆ ಲೆಕ್ಕ ಹಾಕಿದೆ.
ನಿಂತದ್ದು ಎರಡು ಗಂಟೆ ಇಪ್ಪತ್ತು ನಿಮಿಷ;
ವರ್ಷದ ಪಾಲಿನಲ್ಲಿ ಇನ್ನೂ ಆರು ಗಂಟೆಯ ಮೇಲೆ ಬಾಕಿ.
ಕುರುವಿಳ ಬೆನ್ನು ತಟ್ಟಿದರು.
ಚೌಕಟ್ಟು ನೆಟ್ಟಗೆ ಮಾಡಿದರು.
ಅವಳ ತಿಂಗಳಿಗಿದ್ದದ್ದೇ ಎರಡು ಗಂಟೆ,
ಆ ಲೆಕ್ಕದಲ್ಲಿ ನಾವು ಸೊನ್ನೆ, ದಶಾಂಶ ಬೇಡ,
ಎಂದೊಂದು ಸಾಲು ಬರೆದಿದ್ದೆ. ಕಳಿಸುವ ಮುಂಚೆ ಅಳಿಸಿದೆ.

ಮುಂದಿನ ತಿಂಗಳು, ಎರಡು ಗಂಟೆಗೆ ಸರಿಯಾಗಿ,
ಬಂದಳು.
ಗಂಟು ಬಿಚ್ಚಿ, ಬೆವರಿಗೆ ಮಾಸಿದ ಅದೇ ಚೀಟಿಯನ್ನು
ಬೆರಳಿನಿಂದ ತೀಡಿ ತೀಡಿ ನೇರ ಮಾಡಿ ಕೊಟ್ಟಳು.
ಹಳೆಯದು, ಹೊಸ ಟೋಕನ್ ಪಡೆಯಿರಿ, ಎಂದಿತು ಯಂತ್ರ,
ಕೂಡಲೇ,
ಒಂದಿಷ್ಟೂ ತಪ್ಪಿಲ್ಲದೆ.