ಹನ್ನೊಂದು ಚಿಮಣಿ

ರಾಸ್ ಅಲ್ ಖೈಮಾದ ಉತ್ತರಕ್ಕೆ, ಬೋಳುಬೆಟ್ಟ
ಕಡಲಿನ ಕಾಲ್ಬೆರಳು ತುಳಿಯುವಲ್ಲಿ,
ಖಲ್ಫಾನ್ ಸಾಹೇಬರಿಗೊಂದು ಮನೆ ಬೇಕಿತ್ತು:
ಇನ್ನೂರೆಂಬತ್ತು ವರ್ಷ ಹಳೆಯದು,
ಹೊಸದಾಗಿ.

ಕೊಟ್ಟದ್ದು ಒಂದೇ ಫೋಟೊ.
ಹನ್ನೆರಡರ ಹುಡುಗ, ಯಾರದೋ ಕೋಟು,
ಹಿಂದೆ ಜೇನುಬಣ್ಣದ ಕಲ್ಲುಗೋಡೆ,
ಮೋಡಕ್ಕೆ ಹಲ್ಲು ಕಿಸಿದ ಚಿಮಣಿಸಾಲು.
ಇಂಗ್ಲೆಂಡಿನ ಯಾವುದೋ ಹಳ್ಳಿ, ಅಪ್ಪನ ಗೆಳೆಯರ ಬಂಗಲೆ,
ಒಂದು ಚಳಿಗಾಲ.
"ಹೀಗೇ ಆಗಬೇಕು" ಅಂದರು.
"ಹೀಗೇ" ಎಂಬುದಕ್ಕೆ ಅಳತೆಪಟ್ಟಿ ಇಲ್ಲ.
ಹುಡುಗನ ಎತ್ತರದಿಂದ ಬಾಗಿಲು ಎಣಿಸಿದೆ,
ಬಾಗಿಲಿನಿಂದ ಗೋಡೆ, ಗೋಡೆಯಿಂದ ಮಾಡು.
ಹುಡುಗ ತುದಿಗಾಲಲ್ಲಿ ನಿಂತಿದ್ದರೆ
ಇಡೀ ಮನೆ ನಾಲ್ಕು ಬೆರಳು ಸುಳ್ಳು.

ನಾನು ಶಹಾಬಾದಿನವನು.
ಉಳಿಯ ಮೊನೆ ಸಂದಿಗೆ ಸಿಕ್ಕರೆ ಸಾಕು,
ಕಲ್ಲು ರೊಟ್ಟಿಯ ಹಾಗೆ ಪದರು ಬಿಡುವ ಊರು.
ಇಲ್ಲಿ ಕಲ್ಲನ್ನು ಅಚ್ಚಿಗೆ ಸುರಿದೆವು,
ಹಳತಾಗಲೆಂದು ಮೇಲೆ ಚಹಾದ ನೀರು ಬಳಿದೆವು.
ಪೇಶಾವರದ ಶೇರ್ ವಲಿ ಕುಂಚ ಅದ್ದಿ
ಬೆರಳು ನೆಕ್ಕಿ ಹೇಳಿದ:
"ಸಕ್ಕರೆ ಕಮ್ಮಿ."

ಎಡಕ್ಕೆ ಐದು ಕಿಟಕಿ. ಬಲಕ್ಕೂ ಐದು, ಅದರಲ್ಲೊಂದು ಕುರುಡು.
ಆ ದೇಶದಲ್ಲಿ ಒಂದು ಕಾಲಕ್ಕೆ
ಕಿಟಕಿಗೂ ಕಂದಾಯ ಇತ್ತಂತೆ,
ಕಟ್ಟಲಾರದೆ ಇಟ್ಟಿಗೆ ಕಟ್ಟಿದರಂತೆ.
ಬಿಸಿಲು ಬಿಟ್ಟಿ ಸುರಿಯುವ ಈ ದಂಡೆಯಲ್ಲಿ
ನಾವು ಆ ಕುರುಡನ್ನೂ ನಕಲು ಮಾಡಿದೆವು,
ಅಂಚು, ಹೊಸ್ತಿಲು, ಎಲ್ಲ ಸಮೇತ.

ಉಳಿದ ಒಂಬತ್ತು ಮೌನೇಶ ಬಡಿಗೇರನ ಪಾಲು.
ಚೌಕಟ್ಟಿನ ಒಳಗೆ ಹಗ್ಗ, ರಾಟೆ, ಸೀಸದ ಗುಂಡು:
ಗಾಜು ಏರಿದರೆ ಗುಂಡು ಇಳಿಯಬೇಕು.
"ಬಾವೀನ ಗ್ವಾಡ್ಯಾಗ ಹುಗದಂಗ ಐತಲ್ಲೋ" ಅಂದ.
"ಏಸಿ ಮನಿ, ಯಾರ್ ತಗೀತಾರ ಇದನ್ನ?"
ಅಂದವನೇ ಹಗ್ಗಕ್ಕೆ ಮೇಣ ತಿಕ್ಕುತ್ತ ಕೂತ,
ಊಟದ ಗಂಟೆ ಹೋದರೂ.

ಫೋಟೊದಲ್ಲಿ ಇರದ ಒಂದು ಮೆಟ್ಟಿಲಿತ್ತು,
ಅಡುಗೆಮನೆಯಿಂದ ಗೋಡೆಯ ಹೊಟ್ಟೆಯೊಳಗೆ
ಎರಡಡಿ ಅಗಲ.
ಖಲ್ಫಾನರ ನೆನಪಿನದು:
ನಸುಕಿನಲ್ಲಿ ಒಬ್ಬಳು ಗೋಡೆಯೊಳಗಿಂದ ಬರುತ್ತಿದ್ದಳು,
ಬೂದಿ ಬಳಿದು, ಬೆಂಕಿ ಹಚ್ಚಿ,
ಗೋಡೆಯೊಳಗೇ ಹೋಗುತ್ತಿದ್ದಳು.
ಹೆಸರು? ಕೇಳಿರಲಿಲ್ಲ.
ಆ ಗೆರೆ ಎಳೆಯುವಾಗ ನನಗೆ ಗೊತ್ತಿಲ್ಲದೆ
ಭುಜ ಕುಗ್ಗಿಸಿ ಕೂತಿದ್ದೆ.

ಚಿಮಣಿ ಹನ್ನೊಂದು. ಎಲ್ಲಕ್ಕೂ ಮಣ್ಣಿನ ಕಿರೀಟ.
ನಮ್ಮ ಕಡೆ ಚಿಮಣಿ ಅಂದರೆ ದೀಪ:
ಔಷಧದ ಶೀಸೆ, ಮುಚ್ಚಳಕ್ಕೊಂದು ತೂತು,
ಹಳೇ ಸೀರೆಯ ಬತ್ತಿ,
ಬೆಳಗೆದ್ದರೆ ಮೂಗಿನೊಳಗೆ ಕಾಡಿಗೆ.
ಬೆಂಕಿಯೇ ಕಾಣದ ಇವಕ್ಕೆ ಆ ಹೆಸರು ಬರೆಯುವಾಗ
ಪೆನ್ನು ಒಂದು ಗಳಿಗೆ ತಡೆಯಿತು.
ಹತ್ತು ಪೊಳ್ಳು. ಏಳನೆಯದು ಮಾತ್ರ
ನೆಲದಿಂದ ಮುಗಿಲಿಗೆ ಪೂರಾ ಕೊಳವೆ.
ಸಾಹೇಬರ ಹಟ.

ಜೂನ್. ಕೀಲಿ ಕೊಡಲು ಮೂರು ದಿನ ಬಾಕಿ.
ಮನೆ ನೋಡಲು ಬಂದಿದ್ದರು ಖಲ್ಫಾನರ ಸೋದರತ್ತೆ ಮೌಝಾ,
ಎಂಬತ್ತು ದಾಟಿದವರು. ಮುಖಕ್ಕೆ ಬುರ್ಖಾದ ಚಿನ್ನದ ಮಸಿ.
ಸಂಜೆ ಕರೆಂಟು ಹೋಯಿತು.
ಜನರೇಟರು ಕೆಮ್ಮಿ ಸುಮ್ಮನಾಯಿತು.
ಅರ್ಧ ಗಂಟೆಗೆ ಜೇನುಬಣ್ಣದ ಗೋಡೆ ಬೆವರಿತು,
ಚಹಾದ ವಾಸನೆ ಬಿಟ್ಟಿತು.
ನಾವೆಲ್ಲ ಅಂಗಳಕ್ಕೆ ಓಡಿದೆವು.
ಮುದುಕಿ ಇಲ್ಲ.

ಟಾರ್ಚು ಹಿಡಿದು ಹುಡುಕಿದರೆ, ದಿವಾನಖಾನೆಯಲ್ಲಿ,
ಏಳನೆಯ ಚಿಮಣಿಯ ಬುಡದಲ್ಲಿ,
ಸೌದೆ ಒಟ್ಟಬೇಕಾದ ಗೂಡಿನಲ್ಲಿ
ಕಾಲು ಚಾಚಿ ಕೂತಿದ್ದಾರೆ. ಶೇಲೆಯ ಅಂಚು ಹಾರುತ್ತಿದೆ.
ಕಡಲಗಾಳಿ ಕಿರೀಟಕ್ಕೆ ಢಿಕ್ಕಿ ಹೊಡೆದು
ಕೊಳವೆ ಹಿಡಿದು ನೇರ ಅವರ ನೆತ್ತಿಗೆ.
"ಬರ್ಜೀಲ್" ಅಂದರು,
ಹಳೇ ಮನೆಯ ಗಾಳಿಗೋಪುರದ ಹೆಸರು.
"ಮೊದಲೇ ಹೇಳಬಾರದಿತ್ತೇ? ಗೋಪುರ ಚೆನ್ನಾಗಿದೆ.
ಉಳಿದ ಹತ್ತು ಯಾಕೆ ಕೆಲಸ ಮಾಡುತ್ತಿಲ್ಲ?"

ಖಲ್ಫಾನ್ ನನ್ನ ಮುಖ ನೋಡಿದರು.
ನಾನು ಮೌನೇಶನದು.
ಅವನು ಎದ್ದು ಹೋಗಿ ಕಿಟಕಿಯೊಂದನ್ನು ಎತ್ತಿದ.
ಒಳಗೆಲ್ಲೋ ಸೀಸದ ಗುಂಡು
ಸದ್ದಿಲ್ಲದೆ ಇಳಿಯಿತು.

ಕೊನೆಯ ನಕ್ಷೆ ತಿದ್ದಿ ಕಳಿಸಿದೆ.
ಏಳರ ಮುಂದೆ ಏನು ಬರೆಯಬೇಕೆಂದು ಯಾರೂ ಹೇಳಲಿಲ್ಲ.
ಖಾಲಿ ಬಿಟ್ಟಿದ್ದೇನೆ.
ಒಂದು ಮಾತ್ರ ನಿಜ:
ಆ ಗಾಳಿಗೆ ನಮ್ಮ ಮನೆಯ ಚಿಮಣಿ
ಒಂದು ಗಳಿಗೆ ನಿಲ್ಲುತ್ತಿರಲಿಲ್ಲ.