ಆರ್ ಮೂವತ್ತು

ಎರಡು ಗೆರೆ. ಒಂದು ಅಡ್ಡ, ಒಂದು ಉದ್ದ.
ಎಫ್ ಒತ್ತಿ ಎಂಟರ್ ಒತ್ತಿ
ಮೊದಲು ಇದನ್ನು ಮುಟ್ಟು, ಆಮೇಲೆ ಅದನ್ನು,
ಮೂಲೆ ಬಾಗುತ್ತದೆ.
ಇಷ್ಟೇ ಕೆಲಸ. ಹನ್ನೊಂದು ವರ್ಷದಿಂದ
ಶಿವಳ್ಳಿ ಕೈಗಾರಿಕಾ ವಲಯದ ತಗಡು ಮಾಡಿನಡಿ
ಫ್ಯಾನಿನ ಗಾಳಿಗೆ ಹಾರುವ ಹಾಳೆಗಳ ಮೇಲೆ
ಬೇರಿಂಗು ಇಟ್ಟುಕೊಂಡು ಇದನ್ನೇ ಮಾಡುತ್ತಿದ್ದೇನೆ.

ಕಲಿಸಿದ ಕ್ಲೆಮೆಂಟ್ ಮಾಸ್ಟ್ರು ಕಂಪ್ಯೂಟರು ಮುಟ್ಟಿದವರಲ್ಲ.
ಬೋರ್ಡಿನ ಮೇಲೆ ಹಳೆಯದೊಂದು ಪಾವಲಿ ಇಟ್ಟು
ಪೆನ್ಸಿಲು ಸುತ್ತಿಸುವರು:
"ಚೂಪು ಮಾಡಲಿಕ್ಕೆ ಬುದ್ಧಿ ಬೇಡ ಮಗಾ,
ಎರಡು ಗೆರೆ ಡಿಕ್ಕಿ ಹೊಡೆದರೆ ಸಾಕು."

ಈ ಆಜ್ಞೆಗೆ ಅದರದೇ ಗುಣ ಉಂಟು.
ಒಂದನ್ನೊಂದು ತಲುಪದೆ ನಡುದಾರಿಯಲ್ಲಿ ನಿಂತವನ್ನು
ಎಳೆದು ತಂದು ಕೂಡಿಸುತ್ತದೆ.
ಜನ್ಮದಲ್ಲಿ ಸೇರದ ಸಮಾನಾಂತರಗಳಿಗೂ
ತುದಿಯಲ್ಲೊಂದು ಅರ್ಧಚಂದ್ರ ತೊಡಿಸಿ ಗಂಟು ಹಾಕುತ್ತದೆ.
ಗೆರೆ ಗಿಡ್ಡ, ಆಸೆ ಉದ್ದ ಎಂದಾದರೆ ಮಾತ್ರ
ತ್ರಿಜ್ಯ ಹೆಚ್ಚಾಯಿತೆಂದು ಕೈಯೆತ್ತುತ್ತದೆ.

ಮಲ್ಪೆಯಿಂದ ಬಂದ ಆರ್ಡರು: ಮೀನು ಕೊಯ್ಯುವ ಮೇಜು,
ಆರಡಿ ಉದ್ದ, ಸ್ಟೀಲಿನದ್ದು.
ನಕ್ಷೆ ಸುರುಳಿ ಸುತ್ತಿ ಧಕ್ಕೆಗೆ ಹೋದದ್ದು ಬರೀ ಸಹಿಗೆ.
ಗುಲಾಬಿ ಸಾಲ್ಯಾನ್ ಬೆರಳು ಒರೆಸಿಕೊಂಡು
ಬಂಗುಡೆಯ ಕಿವಿರು ಎತ್ತಿ ನೋಡುವ ಹಾಗೆ
ಹಾಳೆಯ ಅಂಚು ಎತ್ತಿ ನೋಡಿದರು.
"ಎಂತದು ಇದು, ಇಲ್ಲಿ ಇಷ್ಟು ಮೊನೆ?"
ಸೆರಗಿನ ಮೇಲಿಂದಲೇ ಸೊಂಟ ತಟ್ಟಿ ತೋರಿಸಿದರು:
ಹಳೇ ಮೇಜಿನ ಮೂಲೆ, ಬುಟ್ಟಿ ಎತ್ತಿ ತಿರುಗಿದಾಗಲೆಲ್ಲ
ಒಂದೇ ಜಾಗಕ್ಕೆ,
ಇಪ್ಪತ್ತು ವರ್ಷದ ನೀಲಿ.

ಕೈಯ ಬಳೆ ಕಳಚಿದರು. ಮೀನೆಣ್ಣೆಗೆ ತಾನಾಗಿ ಜಾರಿತು.
"ಇಷ್ಟು ಬೇಕು" ಎಂದು ನಕ್ಷೆಯ ಮೇಲಿಟ್ಟರು.
ಒಂದಕ್ಕೆ ಹತ್ತರ ಅಳತೆಯ ಹಾಳೆ ಅದು,
ಬಳೆ ಮೇಜಿನ ಮೂರರಲ್ಲೊಂದು ಪಾಲು ನುಂಗಿ ಕೂತಿತು.
ನಗು ಬಂತು. ಬಾಯಿಗೆ ಬರಲಿಲ್ಲ.
ಅವರಿಗೆ ಸ್ಕೇಲು ಗೊತ್ತಿಲ್ಲ,
ನನಗೆ ಸೊಂಟ ಗೊತ್ತಿರಲಿಲ್ಲ.

ಎರಡು-ಆರರ ಬಳೆ. ವ್ಯಾಸ ಅರವತ್ತು ಮಿಲಿಮೀಟರು.
ಬಸ್ಸಿನಲ್ಲಿ ಅರ್ಧ ಮಾಡಿದೆ: ಆರ್ ಮೂವತ್ತು.
ಹಾಳೆಯಲ್ಲಿ ಒದ್ದೆ ಉಂಗುರ, ಅದರ ನಡುವೆ ಒಂದು ಹುರುಪೆ,
ಮಣಿಪಾಲದ ತಿರುವು ದಾಟಿದರೂ ಒಣಗಿರಲಿಲ್ಲ.

"ಗೋಡೆ ಕಡೆಯ ಮೂಲೆ ಯಾರಿಗೆ ತಾಗ್ತದೆ?" ಉಪೇಂದ್ರ ಪೈ ಕೇಳಿದರು,
"ಗ್ರೈಂಡಿಂಗ್ ಬಿಲ್ಲು ನೀನು ಕೊಡ್ತೀಯಾ?"
ಎದುರಿನ ಎರಡಕ್ಕೆ ಮೂವತ್ತು.
ಹಿಂದಿನ ಎರಡಕ್ಕೆ ಸೊನ್ನೆ ಒತ್ತಿದೆ.
ಸೊನ್ನೆಗೆ ಹೊತ್ತೇ ಹಿಡಿಯುವುದಿಲ್ಲ.

ಪರದೆಯಲ್ಲಿ ಕಡಿದ ಮೂಲೆ ಎಲ್ಲೂ ಬೀಳುವುದಿಲ್ಲ.
ಸಿರಾಜನ ಶೆಡ್ಡಿನಲ್ಲಿ ಬಿತ್ತು,
ಮೊನೆಯಿರುವ ಚೂರೊಂದು ಟಣ್ಣನೆ ಸಿಮೆಂಟಿಗೆ,
ಕಾಲಲ್ಲಿ ಒತ್ತಟ್ಟಿಗೆ ತಳ್ಳಿದ.

ಮಳೆಗಾಲದ ರಜೆ ಮುಗಿದು ದೋಣಿ ಇಳಿದ ಮೇಲೆ
ಮೀನಿಗೆಂದು ಹೋದೆ.
ನೀರು ಹೋಗುವ ತೂತು ಆಚೆ ಬದಿಗೆ ಬೇಕಿತ್ತಂತೆ,
ಮೇಜನ್ನೇ ತಿರುಗಿಸಿ ಇಟ್ಟಿದ್ದರು.
"ನಿನ್ನ ಬಳೆ ಮೂಲೆಗಳು ಗೋಡೆಗೆ ಒಳ್ಳೆ ಹಿತವಾಗಿದೆ ಮಾರಾಯ."
ಗುಲಾಬಿಯಕ್ಕ ತಲೆ ಎತ್ತದೆ ಹೇಳಿದರು. ಚೂರಿ ನಿಲ್ಲಲಿಲ್ಲ.

ಈಚೆಯ ಸೊನ್ನೆ ಎರಡಕ್ಕೂ
ಹಳೇ ಹವಾಯಿ ಚಪ್ಪಲಿ ಸೀಳಿ ಮಡಚಿ
ಬಲೆಯ ನೂಲಿನಲ್ಲಿ ಬಿಗಿದಿದ್ದರು.
ಒಂದರಲ್ಲಿ ಹೆಬ್ಬೆರಳಿನ ಗುಳಿ ಇನ್ನೂ ಕಾಣುತ್ತಿತ್ತು.
ತ್ರಿಜ್ಯ ಎಷ್ಟಿರಬಹುದೆಂದು ಒತ್ತಿ ನೋಡಿದೆ.
ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಉಬ್ಬುತ್ತದೆ.
ಅಂಕಿ ನಿಲ್ಲುವುದಿಲ್ಲ.

ಒಂದು ಕಿಲೋ ಬಂಗುಡೆ ಎಂದೆ.
"ಕೊಯ್ದು ಕೊಡಬೇಕಾ?"
ಕೇಳುವಾಗ ಅವರು
ಆ ಚಪ್ಪಲಿಯ ಮೂಲೆಗೆ ಸೊಂಟ ಆನಿಸಿ ನಿಂತಿದ್ದರು.