ಉರುಫ್

ಬ್ಯಾಟರಿ ಸತ್ತು ಎರಡು ವರ್ಷವಾಯಿತು,
ಗೋಡೆಯ ಪ್ಲಗ್ಗಿನಿಂದಲೇ ಉಸಿರಾಡುತ್ತದೆ ಈ ಲ್ಯಾಪ್‌ಟಾಪು.
ಸಿದ್ದಾಪುರದ ಮೀನಂಗಡಿಯ ಮೇಲೆ, ಮರದ ಮೆಟ್ಟಿಲೇರಿದರೆ ನನ್ನ ಕೋಣೆ:
ಜೆರಾಕ್ಸ್, ಲ್ಯಾಮಿನೇಷನ್, ಎಲ್ಲ ಬಗೆಯ ಅರ್ಜಿ.
ಹನ್ನೊಂದೂಕಾಲಿಗೆ ಕರೆಂಟು ಹೋಯಿತು.
ಪರದೆ ಕಪ್ಪಾಗಿ, ಅದರೊಳಗೆ
ನಾನೂ, ನನ್ನ ಹಿಂದೆ ಸ್ಟೂಲಿನ ಮೇಲೆ ಅಜ್ಜಿಯೂ
ಯಾರದೋ ಹಳೆಯ ಫೋಟೋದ ಹಾಗೆ ಕೂತೆವು.

ಬಂತು. ಬಂದದ್ದೇ ಕೇಳಿತು:
ಸರಿಯಾಗಿ ಮುಚ್ಚಲಿಲ್ಲ ನೀನು,
ಇದ್ದ ಪುಟಗಳನ್ನೆಲ್ಲ ಮತ್ತೆ ತೆರೆಯಲೇ?
ತೆರೆ ಮಾರಾಯ. ತಪ್ಪು ನನ್ನದಲ್ಲ, ಲೈನ್‌ಮ್ಯಾನಿನದು.

ಒಂದೊಂದಾಗಿ ಎದ್ದು ಬಂದವು ಮೂವತ್ತೊಂದು,
ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದ ಮಕ್ಕಳಂತೆ ಮುಖ ಊದಿಸಿಕೊಂಡು.
ಬಿದ್ದಯ್ಯನವರ ಕೋವಿಯ ವಿನಾಯಿತಿ ಪತ್ರ.
ಆನೆ ತುಳಿದ ಬಾಳೆಗೆ ಪರಿಹಾರ; ಫೋಟೋದಲ್ಲಿ ಬಾಳೆ ಇದೆ,
ಆನೆ ಎಲ್ಲಿ ಎಂದು ಕೇಳುತ್ತಾರೆ.
ಅಸ್ಸಾಮಿನ ನೂರುಲ್‌ನ ರೈಲು, ವೇಟಿಂಗ್ ಹದಿನೇಳಿದ್ದದ್ದು
ಕತ್ತಲಲ್ಲೇ ಹದಿನೈದಾಗಿದೆ.
ಕರಿಮೆಣಸಿನ ದರ, ನಾಲ್ಕು ರೂಪಾಯಿ ಇಳಿದು.
ಕೊನೆಯ ತುದಿಯಲ್ಲಿ ನನ್ನದೇ ಒಂದು:
ಸೆಕೆಂಡ್ ಹ್ಯಾಂಡ್ ಬುಲೆಟ್, ಹಸಿರು ಟ್ಯಾಂಕು, ಕುಶಾಲನಗರ.
'ಮಾರಾಟವಾಗಿದೆ' ಎಂದು ಬರೆದು ಮೂರು ತಿಂಗಳು.
ನಾನಿನ್ನೂ ಮುಚ್ಚಿಲ್ಲ.

ಅಜ್ಜಿಯ ಪಿಂಚಣಿಯ ಪುಟವೂ ಬಂತು. ಬರಿಯ ಪುಟ.
ಅರ್ಧ ಗಂಟೆ ಕೇಳಿ ಕೇಳಿ ತುಂಬಿದ ಚೌಕಗಳೆಲ್ಲ
ತೊಳೆದಿಟ್ಟ ತಟ್ಟೆ.
'ನಿಮ್ಮ ಅವಧಿ ಮುಗಿದಿದೆ' ಎಂದಿತ್ತು, ಜೋರಾಗಿ ಓದಿಬಿಟ್ಟೆ.
'ಯಾರದು?' ಅಂದಳು. 'ನಂದಾ?'
ನಕ್ಕೆವು ಇಬ್ಬರೂ. ಅವಳದು ಸ್ವಲ್ಪ ಹೆಚ್ಚು ಹೊತ್ತು ನಡೆಯಿತು.

ಮತ್ತೆ ಮೊದಲಿನಿಂದ. ಹೆಸರು ಹೇಳಿ ಅಜ್ಜಿ.

ಮೊದಲ ಸಲ ಗೌರಿ ಅಂದಿದ್ದಳು, ಆಧಾರಿನಲ್ಲಿ ಇರುವ ಹಾಗೆ.
ಈ ಸಲ ಸುಮ್ಮನಾದಳು.
ಕೆಳಗೆ ಯಾರೋ ಮತ್ತಿ ಮೀನಿಗೆ ಚೌಕಾಸಿ ಮಾಡುತ್ತಿದ್ದರು.
'ಬೊಳ್ಳಚ್ಚಿ' ಅಂದಳು.
ಗೌರಿ ಅಂತ ಬರೆದವನು ತೋಟದ ರೈಟರ್.
ಚೆಕ್‌ರೋಲಿನಲ್ಲಿ ಆಗಲೇ ಇಬ್ಬರು ಬೊಳ್ಳಚ್ಚಿಯರಿದ್ದರು,
ಕೂಲಿ ಅದಲುಬದಲಾಗುತ್ತಿತ್ತು,
'ನೀನು ಇವತ್ತಿಂದ ಗೌರಿ' ಅಂದ.
ಅವನ ಹೆಂಡತಿಯ ತಂಗಿಯ ಹೆಸರಂತೆ.
ಆ ವಾರದಿಂದ ದುಡ್ಡು ಸರಿಯಾಗಿ ಬಂತು, ಅದೂ ನಿಜ.

ಹುಟ್ಟಿದ ದಿನ?
ಜನವರಿ ಒಂದು, ಇಲ್ಲಿನ ಮುದುಕರೆಲ್ಲ ಹುಟ್ಟುವ ದಿನ,
ಅದನ್ನೇ ಹೊಡೆಯುತ್ತಿದ್ದೆ.
'ಅಲ್ಲ. ಹೂಮಳೆ ಬಿದ್ದು ಒಂಬತ್ತನೆಯ ದಿನ.
ಲೈನ್‌ಮನೆಯ ಬಾಗಿಲವರೆಗೂ ತೋಟ ಬೆಳ್ಳಗೆ ನಿಂತಿತ್ತಂತೆ.
ಅವ್ವ ಅದನ್ನೇ ನೋಡಿ ಕರೆದದ್ದು.'
ಯಾವ ವರ್ಷ ಅಜ್ಜಿ?
'ಮಳೆ ಸರಿಯಾಗಿ ಬಿದ್ದ ವರ್ಷ.'

ಗೌರಿ ಉರುಫ್ ಬೊಳ್ಳಚ್ಚಿ ಎಂದು ಹೊಡೆದೆ.
ಕೆಂಪು ಅಕ್ಷರ ಬಂತು: ಹೆಸರು ತಾಳೆಯಾಗುತ್ತಿಲ್ಲ.
ಹಿಂದಿನಿಂದ ಅಳಿಸುತ್ತ ಬಂದೆ, ಚ್ಚಿ, ಳ್ಳ, ಬೊ,
ಆಮೇಲೆ ಉರುಫ್.
ಹಸಿರಾಯಿತು. ಸ್ವೀಕೃತಿ ಸಂಖ್ಯೆ ಕೊಟ್ಟಿತು.

ಅವಳು ಏಳಲಿಲ್ಲ.
'ಇನ್ನೊಂದು ಎಲ್ಲಿ ಹೋಯಿತು?'

ನೋಟ್‌ಪ್ಯಾಡ್ ತೆರೆದು, ಅಕ್ಷರ ದೊಡ್ಡದು ಮಾಡಿ ಬರೆದೆ:
ಬೊಳ್ಳಚ್ಚಿ, ಚುಬ್ಬನ ಮಗಳು, ಹೂಮಳೆಯ ಒಂಬತ್ತನೆಯ ದಿನ.
ಪ್ರಿಂಟಿಗೆ ದುಡ್ಡು ಬೇಡವೆಂದೆ.
ಅರ್ಜಿಗೆ ಕೊಟ್ಟ ಹಾಗೆಯೇ ಇದಕ್ಕೂ ಹತ್ತು ರೂಪಾಯಿ
ಎಣಿಸಿ ಇಟ್ಟಳು, ಎಲ್ಲ ನಾಣ್ಯ.
ಓದಲು ಬಾರದು. ಸಾಲಿನ ಉದ್ದವನ್ನು ಬೆರಳಲ್ಲಿ ಅಳೆದು
'ಸರಿಯುಂಟು' ಎಂದು ಮಡಚಿಕೊಂಡಳು.

ಸಂಜೆ ಮುಚ್ಚುವಾಗ ಅದು ಕೇಳಿತು,
ಉಳಿಸಲೇ, ಬೇಡವೇ, ಏನೆಂದು ಹೆಸರಿಡಲಿ?
ಉತ್ತರ ಕೊಡದೆ ಪ್ಲಗ್ಗನ್ನೇ ಎಳೆದೆ.
ಬೆಳಿಗ್ಗೆ ಹೇಗೂ ಕೇಳುತ್ತದೆ, ತೆರೆಯಲೇ ಎಂದು.
ಬುಲೆಟ್ಟಿನ ಪಕ್ಕ ಅದೂ ಇರಲಿ.
ಕೆಳಗೆ, ಉಳಿದ ಮಂಜುಗಡ್ಡೆಯನ್ನು ಚರಂಡಿಗೆ ಸುರಿಯುತ್ತಿದ್ದರು.